ಅತ್ತೆಯ ಸೀರೆಯಲ್ಲಿ ನನ್ನ ಸಿಟ್ಟು

ಸಿಟ್ಟು ನುಂಗುವುದು ಅಷ್ಟೇನೂ ಕಷ್ಟವಲ್ಲ. ನುಂಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಬೆಟಗೇರಿಯ ನೇಕಾರ; ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಹಿಂದಿನ ದೀಪಾವಳಿಯಲ್ಲಿ ನಾನು ರೇಗಿದ್ದಕ್ಕೆ ಅತ್ತೆ ಊಟ ಬಿಟ್ಟೆದ್ದು ಲಕ್ಷ್ಮೇಶ್ವರದ ಬಸ್ಸು ಹತ್ತಿದ್ದರು. ಹಾಗಾಗಿ ಈ ಸಲ ಅವರು ಬರುವ ಮೊದಲೇ ಹೆಂಡತಿ ಶಾಂತವ್ವ ಹೇಳಿಬಿಟ್ಟಳು: "ಒಂದ್ ಮಾತು ಏರಿಸಿ ಆಡಿದ್ರಿ ಅಂದ್ರ ನಾನೂ ಅವ್ವನ ಜೋಡಿ ಹೋಗಾಕಿ. ಆಮ್ಯಾಲೆ ನಿಮ್ಮ ರೊಟ್ಟಿ ನೀವ ಬಡ್ಕೊಳ್ರಿ." ರೊಟ್ಟಿ ಹಾಳಾಗಲಿ, ಅವಳಿಲ್ಲದ ಮನೆಯಲ್ಲಿ ನಾನು ಎರಡು ದಿನ ಇರಲಾರೆ. ಆಣೆ ಮಾಡಿದೆ. ಹಳೆಯ ಮುನಿಸು ತೀರಲೆಂದು ಅತ್ತೆಗೇ ಒಂದು ಸೀರೆ ನೇಯಲು ಮಗ್ಗಕ್ಕೆ ನೂಲು ಏರಿಸಿದೆ.

ಅತ್ತೆ ಬಂದರು. ದೇಶ ಸ್ವತಂತ್ರವಾಗಿ, ಅವರೂರಿನ ಸಂಸ್ಥಾನ ವಿಲೀನವಾಗಿ ವರ್ಷಗಳಾಗಿದ್ದವು. ಅತ್ತೆ ಮಾತ್ರ ಇನ್ನೂ ವಿಲೀನವಾಗಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ "ನಮ್ಮ ಸಂಸ್ಥಾನದಾಗ ಹಿಂಗಿರಲಿಲ್ಲ ನೋಡ್ರಿ" ಎನ್ನುವರು. ಕನ್ನಡ ನಾಡು ಒಂದಾಗಬೇಕೆಂಬ ಭಾಷಣ ಕೇಳಿ ನಾನು ಎದೆಯುಬ್ಬಿಸಿ ಬಂದರೆ, "ಮೊದಲ ಈ ಓಣಿ ಎರಡೂ ಗಟಾರ ಒಂದ್ ಮಾಡ್ರಿ, ಅಳಿಯಂದ್ರ" ಎಂದರು. ನಾನು ನಕ್ಕೆ. ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕೆ. ಪ್ರತಿ ಸಲವೂ ನಕ್ಕು, ಮಗ್ಗದ ಕುಣಿಗಿಳಿದು ಲಾಳಿ ಎಸೆದೆ, ಎಳೆ ಒತ್ತುವ ಹಣಿಗೆಯನ್ನು ಎಳೆದು ಹೊಡೆದೆ. ಐದನೆಯ ದಿನ ಅತ್ತೆ ಬಿಂಕದಕಟ್ಟಿಯ ಗೆಳತಿಯ ಮನೆಗೆ ಹೋದಾಗ, ಉಳಿದದ್ದನ್ನು ಗುನುಗುತ್ತಾ ನೇಯ್ದು ಮುಗಿಸಿದೆ. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಶಾಂತವ್ವ ಮೆಚ್ಚಿ ನೋಡಿದಳು. ನಾನು ಅರ್ಧ ಸನ್ಯಾಸಿಯೇ ಆಗಿಬಿಟ್ಟೆ ಎನಿಸಿತು.

ಹೊರಡುವ ದಿನ ಸೀರೆ ಕೊಟ್ಟೆ. ಅತ್ತೆಯೂ ನೇಕಾರರ ಮನೆಯ ಮಗಳೆಂಬುದು ಮರೆತೇಹೋಗಿತ್ತು. ಜೋರಾಗಿ ಹೊಡೆದಲ್ಲಿ ಬಟ್ಟೆ ದಟ್ಟ, ಹಗುರಾಗಿ ಹೊಡೆದಲ್ಲಿ ಜಾಳು. ಅದನ್ನು ತಿಳಿಯಲು ಅವರಿಗೆ ಕನ್ನಡಕವೂ ಬೇಡ. ಮೊಳಮೊಳಕ್ಕೂ ಬೆರಳಾಡಿಸಿದರು. "ಇದು ನಾ ಉಪ್ಪಿನ ಮಾತಾಡಿದ ದಿನ. ಇದು ಗಟಾರದ್ದು." ಬೆರಳು ಕೊನೆಯ ಜಾಳಿನ ಮೇಲೆ ನಿಂತಿತು. "ಇದು ನಾ ಬಿಂಕದಕಟ್ಟಿಗೆ ಹೋದ ದಿನ. ಭಾಳ ಖುಷಿ ಆಗಿತ್ತೇನ್ರಿ?"

ಶಾಂತವ್ವ ಕಂಡಿಕೆ ಕೆಳಗಿಟ್ಟಳು. ಅವಳ ಕಣ್ಣು ಮೂಲೆಯಲ್ಲಿದ್ದ ತನ್ನ ಟ್ರಂಕಿನತ್ತ ಹೋದದ್ದು ಕಂಡು ನನ್ನ ಜೀವವೇ ಹಾರಿಹೋಯಿತು. ಅತ್ತೆ ಗಟಾರದ ಮೊಳವನ್ನು ಎರಡೂ ಕೈಯಿಂದ ಜಗ್ಗಿ ನೋಡಿದರು.

"ಖರೇ ಹೇಳ್ತೀನಿ, ಇಂಥಾ ಗಟ್ಟಿ ನೇಯ್ಗಿ ನಮ್ಮ ಸಂಸ್ಥಾನದಾಗೂ ಇರಲಿಲ್ಲ! ಈ ಜಾಳು ಮಾತ್ರ ನಡಿಯಂಗಿಲ್ಲ. ಇನ್ನೊಂದು ನೇಯ್ರಿ, ಅಳಿಯಂದ್ರ. ಅದು ಮುಗಿಯೋತನಕ ನಾ ಎಲ್ಲೂ ಹೋಗಂಗಿಲ್ಲ."

ಶಾಂತವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ನಾನು "ಆಗ್ಲಿರಿ, ಅತ್ತಿಯವ್ರ" ಎಂದು ಹಲ್ಲು ಕಿರಿದು ಕುಣಿಗಿಳಿದೆ.

ಈಗ ಓಣಿಯಲ್ಲಿ ನನ್ನಂಥ ಶಾಂತ ಮನುಷ್ಯ ಇನ್ನೊಬ್ಬನಿಲ್ಲವಂತೆ. ನನ್ನ ಸೀರೆಗಳಷ್ಟು ಗಟ್ಟಿ ಸೀರೆ ಇಡೀ ಬೆಟಗೇರಿಯಲ್ಲೇ ಇಲ್ಲವಂತೆ.