ರೊಟ್ಟಿ ಹಂಚಿನಿಂದ ಬಂದ ಆಮ್ಲಜನಕ

ಹೊರಡಲು ಎದ್ದ ನೆಂಟರನ್ನು ನಿಜವಾಗಿ ಹೊರಡಿಸುವುದು ಎಷ್ಟು ಕಷ್ಟವೆಂದು ಸಂಸಾರಸ್ಥರಿಗೆಲ್ಲ ಗೊತ್ತು. ಹೊಸಬಾಳೆಯಿಂದ ಬರುವ ನಮ್ಮ ದೊಡ್ಡಮಾವ "ಬರ್ತೀನಿ ಹಂಗಾರೆ" ಎಂದು ಎದ್ದರೆ, ಬಾಗಿಲಲ್ಲೇ ಅರ್ಧ ಗಂಟೆ ನಿಂತು ಮಗಳ ಮನೆ, ಮೊಣಕಾಲು ನೋವು, ಪಕ್ಕದವರ ಪಹಣಿ ಎಲ್ಲವನ್ನೂ ಮುಗಿಸುತ್ತಾರೆ. ಆಗ ನಮ್ಮ ಅತ್ತೆ ಎಲೆಯಡಿಕೆ ತಟ್ಟೆ ತಂದು ಮುಂದಿಡುತ್ತಾರೆ. ಎರಡೇ ನಿಮಿಷ, ಮಾವ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿರುತ್ತಾರೆ. ತಟ್ಟೆ ಮಾತ್ರ ನಮ್ಮ ಮನೆಯಲ್ಲೇ ಉಳಿಯುತ್ತದೆ. ನನ್ನ ಸಂಶೋಧನೆಯೂ ಇಷ್ಟೇ. ನೀರಿಗೆ ವಿದ್ಯುತ್ ಹಾಯಿಸಿದರೆ ಜಲಜನಕ ಹೇಳಿದ ಮಾತು ಕೇಳಿ ಹೊರಡುತ್ತದೆ. ಆಮ್ಲಜನಕ ಅಪ್ಪಟ ದೊಡ್ಡಮಾವ. ಅದನ್ನು ಕಡಿಮೆ ವಿದ್ಯುತ್ತಿನಲ್ಲಿ ಬೇಗ ಸಾಗಹಾಕುವ ತಟ್ಟೆಯನ್ನು ಎರಡು ಲೋಹಗಳ ನ್ಯಾನೊ ಕಣಗಳಿಂದ ನಾನು ಮಾಡಬೇಕು. ಪುಸ್ತಕದಲ್ಲಿ ಅದಕ್ಕೆ ಕ್ರಿಯಾವರ್ಧಕ ಎನ್ನುತ್ತಾರೆ.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ, ಮನೆ ಸೊರಬದಲ್ಲಿ. ನನ್ನ ಪಿಎಚ್‌ಡಿ ಆರು ವರ್ಷಗಳಿಂದ ಈ ಎರಡು ಊರುಗಳ ನಡುವಿನ ಬಸ್ಸಿನಲ್ಲೇ ಇದೆ. ನಿಕ್ಕಲ್ಲಿಗೂ ಕೋಬಾಲ್ಟಿಗೂ ಎಷ್ಟು ಸಲ ಮದುವೆ ಮಾಡಿಸಿದರೂ ಸಂಸಾರ ಹೂಡಲಿಲ್ಲ. ತಿಂಗಳ ಕೊನೆಯೊಳಗೆ ಒಳ್ಳೆಯ ಫಲಿತಾಂಶ ಬರದಿದ್ದರೆ ವಿಷಯವನ್ನೇ ಬದಲಿಸಿ ಎಂದು ನನ್ನ ಮಾರ್ಗದರ್ಶಕರು ಕಡ್ಡಿ ಮುರಿದಂತೆ ಹೇಳಿದ್ದರು. ಅಂದರೆ ಮತ್ತೆ ಒಂದರಿಂದ ಎಣಿಕೆ. ನನಗೆ ನಿದ್ದೆ ಹಾರಿಹೋಗಿತ್ತು. ಆ ಅವಸರದಲ್ಲಿ, ಕಣಗಳನ್ನು ಕೂರಿಸಬೇಕಾದ ಮೂರು ನಿಕ್ಕಲ್ ತುಂಡುಗಳನ್ನು ಮನೆಗೇ ತಂದು, ತೊಳೆದು, ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟೆ. ಆ ತುಂಡುಗಳ ಮೈತುಂಬ ಸಣ್ಣ ಸಣ್ಣ ತೂತು. ಪ್ರಯೋಗಾಲಯದ ವಸ್ತುವನ್ನು ಮನೆಗೆ ಒಯ್ಯಬಾರದೆಂದು ಪ್ರತಿವರ್ಷ ಮಕ್ಕಳಿಗೆ ಭಾಷಣ ಬಿಗಿಯುವವಳೂ ನಾನೇ.

ಮರುದಿನ ಮೂರಕ್ಕೂ ಕಣಗಳನ್ನು ಕೂರಿಸಿ ಪರೀಕ್ಷೆಗೆ ಇಳಿಸಿದೆ. ಎರಡು ಎಂದಿನಂತೆ ಮುಖ ಊದಿಸಿಕೊಂಡು ಕುಳಿತವು. ಮೂರನೆಯದರ ಅಂಚು ಸ್ವಲ್ಪ ಸವೆದಂತಿತ್ತು. ಅದನ್ನು ನೋಡಿಯೂ ನೋಡದ ಹಾಗೆ ಇಳಿಸಿದ್ದೆ. ಇನ್ನೂ ಚೂರೇ ಚೂರು ವಿದ್ಯುತ್ ಕೊಟ್ಟಿದ್ದೆ, ಅಷ್ಟಕ್ಕೇ ಗುಳ್ಳೆಗಳು ಜಾತ್ರೆಗೆ ಹೊರಟವರಂತೆ ನುಗ್ಗಿ ಬಂದವು. ನಮ್ಮ ಅಟೆಂಡರ್ ರಜಾಕ್ ಸಾಹೇಬರು ಬಗ್ಗಿ ನೋಡಿ, "ಮೇಡಂ, ಸೋಡಾ ಬಾಟ್ಲಿ ಒಡದಂಗ ಆಗೇತಲ್ರೀ" ಎಂದರು. ನಾನು ಕುಣಿಯುವುದೊಂದು ಬಾಕಿ. ನಾಲ್ಕು ಸಲ ಅಳೆದೆ, ನಾಲ್ಕು ಸಲವೂ ಅದೇ. ಮಾರ್ಗದರ್ಶಕರಿಗೆ ಫೋನು ಮಾಡಿದಾಗ ನನ್ನ ಮಾತು ನನಗೇ ಅರ್ಥವಾಗುತ್ತಿರಲಿಲ್ಲ. ಶನಿವಾರವೇ ಬನ್ನಿ ಎಂದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಯಾರಿಗೋ ಬಿಟ್ಟುಕೊಟ್ಟೆ, ಡಾಕ್ಟರಾಗುವವರು ಉದಾರವಾಗಿರಬೇಕು.

ಮನೆಯಲ್ಲಿ ಅತ್ತೆ ರೊಟ್ಟಿ ತಟ್ಟುತ್ತಿದ್ದರು. ವರ್ಷಗಟ್ಟಲೆ ತುಕ್ಕು ಹಿಡಿದು ಮೂಲೆಯಲ್ಲಿದ್ದ ಕಬ್ಬಿಣದ ಹಂಚು ಒಲೆಯ ಮೇಲೆ ಫಳಫಳ ಎನ್ನುತ್ತಿತ್ತು. ನಾನು ಸಂತೋಷದ ಸುದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

"ನೀ ತಂದಿದ್ಯಲ್ಲೇ, ಪಾತ್ರೆ ತಿಕ್ಕೋ ನಾರು, ಎಷ್ಟು ಚಂದ ತಿಕ್ತದೆ ಮಾರಾಯ್ತಿ. ನಿನ್ನೆ ರಾತ್ರಿ ಅದ್ರಲ್ಲೊಂದು ತಗೊಂಡು ಹುಣಸೆಹಣ್ಣು ಹಾಕಿ ಎರಡು ಸಲ ಎಳೆದೆ, ತುಕ್ಕೆಲ್ಲ ಬಂತು. ತೊಳೆದು ಅಲ್ಲೇ ಇಟ್ಟಿದ್ದೆ."

ಕಿಟಕಿಯಲ್ಲಿ ಒಣಗಲು ಇಟ್ಟಿದ್ದ ನನ್ನ ನಿಕ್ಕಲ್ ತುಂಡೇ ಅವರ ನಾರು. ಆ ತೂತುಗಳಲ್ಲಿ ಕುಳಿತಿದ್ದದ್ದು ನಮ್ಮ ಹಂಚಿನ ಕಬ್ಬಿಣ! ಗುಳ್ಳೆ ಎಬ್ಬಿಸಿದ್ದು ನನ್ನ ಕೋಬಾಲ್ಟ್ ಅಲ್ಲ, ಅತ್ತೆಯ ತುಕ್ಕು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೆಂದು ರೊಟ್ಟಿ ತಿನ್ನುವಷ್ಟು ಹೊತ್ತು ಆಸೆಪಟ್ಟದ್ದು ನಿಜ. ಆದರೂ ಶನಿವಾರ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಮಾರ್ಗದರ್ಶಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, ನಿಕ್ಕಲ್ಲಿಗೆ ಕಬ್ಬಿಣವೇ ಸರಿಯಾದ ಜೋಡಿಯೆಂದು ಬಲ್ಲವರು ಎಂದೋ ಹೇಳಿದ್ದಾರೆ, ನೀವು ಕೋಬಾಲ್ಟೇ ಎಂದು ಹಟ ಹಿಡಿದಿರಿ ಅಷ್ಟೆ, ಕೋಬಾಲ್ಟ್ ಬಿಟ್ಟು ತುಕ್ಕಿನ ದಾರಿಯಲ್ಲೇ ಮುಂದುವರಿಯಿರಿ ಎಂದರು. ವಿಷಯ ಉಳಿಯಿತು, ನಾನೂ ಉಳಿದೆ.

ಈಗ ಶುದ್ಧವಾದ ಕಬ್ಬಿಣದ ಲವಣ ತರಿಸಿ, ತೂಗಿ, ಅಳೆದು ಮಾಡುತ್ತಿದ್ದೇನೆ. ಗುಳ್ಳೆ ಚೆನ್ನಾಗಿಯೇ ಬರುತ್ತದೆ, ಆದರೆ ಅಂದಿನಷ್ಟಿಲ್ಲ. ಅತ್ತೆಯನ್ನು ಕೇಳಿದರೆ, ಎಳೆಯುವ ಕೈ ಬೇಕು ಎನ್ನುತ್ತಾರೆ. ಅವರ ಮಾತಿಗೆ ಎದುರಾಡುವ ಹಾಗಿಲ್ಲ. ಆ ಹಂಚನ್ನು ತಿಕ್ಕಿಡು ಎಂದು ಅವರು ನನಗೆ ಹೇಳುತ್ತಾ ಬಂದು ಸರಿಯಾಗಿ ಆರು ವರ್ಷವಾಯಿತು. ಪಿಎಚ್‌ಡಿ ಇದೆ ಅತ್ತೆ, ಪುರುಸೊತ್ತಿಲ್ಲ ಎಂದು ನಾನು ಪ್ರತಿ ಸಲವೂ ತಪ್ಪಿಸಿಕೊಂಡಿದ್ದೆ.