ಸೇರಿದ ದಿನವೇ ಬೀಳ್ಕೊಡುಗೆ

ಕೆಲಸಕ್ಕೆ ಸೇರುವ ದಿನವೇ ನೌಕರರನ್ನು ಗೌರವಪೂರ್ವಕವಾಗಿ ಬೀಳ್ಕೊಡುವುದು ನೌಕರರ ಕ್ಷೇಮಾಭಿವೃದ್ಧಿ ಸಂಸ್ಥೆಯ ಬಹುಕಾಲದ ಪದ್ಧತಿಯಾಗಿರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮೊದಲೆಲ್ಲ ಬೇರೆ ಕಡೆಯಂತೆ ಇಲ್ಲೂ ಕೊನೆಯ ದಿನವೇ ಬೀಳ್ಕೊಡುತ್ತಿದ್ದರು. ಆದರೆ ನೌಕರರು ಕೊನೆಯ ದಿನ ಯಾವುದೆಂದು ಬಾಯಿಬಿಡದೆ, ಊಟಕ್ಕೆಂದು ಎದ್ದು ಹೋದವರು ಹಾಗೇ ನಾಪತ್ತೆಯಾಗತೊಡಗಿದ್ದರಿಂದ, ತರಿಸಿಟ್ಟ ಹೂಗುಚ್ಛಗಳು ಬಾಡಿಹೋಗುತ್ತಿದ್ದವು. ಹೂವಿನ ಹಿತದೃಷ್ಟಿಯಿಂದ ನಿಯಮವನ್ನು ತಿದ್ದಲಾಯಿತು.

ಸಂದರ್ಶನಕ್ಕೆ ಬಂದ ಕನ್ನಡಕದವಳಿಗೆ ಇದೊಂದೂ ಗೊತ್ತಿರಲಿಲ್ಲ, ಪಾಪ. ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸಿ ಒರೆಸಿ ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಅಂಗಡಿಯ ಮಾಲೀಕರಂತೂ ಅಷ್ಟೂ ಅನ್ನದೆ, ‘ಏ ಇವಳೇ’ ಅಂತಲೇ ಕರೆಯುತ್ತಿದ್ದರು. ಒಂದು ಒಳ್ಳೇ ಮಾತು ಕಿವಿಗೆ ಬಿದ್ದು ಯಾವ ಕಾಲವಾಯಿತೋ. ಆದರೆ ಐದು ಗಂಟೆಗೆ ಸರಿಯಾಗಿ ಬಿಡುತ್ತಿದ್ದರು, ಅದೊಂದು ಪುಣ್ಯ. ಶಾಲೆಯಿಂದ ಬಂದ ಮಗಳನ್ನು ಪಕ್ಕದ ಮನೆಯ ಅಜ್ಜಿ ಐದೂವರೆಯವರೆಗೆ ನೋಡಿಕೊಳ್ಳುತ್ತಿದ್ದರು. ಆಮೇಲೆ ಅವರು ಬಾಗಿಲು ಹಾಕಿಕೊಂಡರೆ ಮಗು ಹೊರಗೆ ಮೆಟ್ಟಿಲ ಮೇಲೆ ಒಂಟಿಯಾಗಿ ಕೂರಬೇಕು. ಹಾಗಾಗಿ ಹೊಸ ಕೆಲಸದಲ್ಲಿ ಏನಿಲ್ಲದಿದ್ದರೂ ಐದು ಗಂಟೆಗೆ ಹೊರಡುವುದು ಇರಲೇಬೇಕಿತ್ತು.

ಕೆಲಸ ಬಿಡುವುದರಲ್ಲಿ ಪಳಗಿದ ಅಕ್ಕ ಮೊದಲೇ ಬುದ್ಧಿ ಹೇಳಿ ಕಳಿಸಿದ್ದಳು. “ನೋಡೇ, ‘ನಾವೆಲ್ಲ ಒಂದೇ ಮನೆಯವರು’ ಅಂದ್ರೆ ಚಪ್ಪಲಿ ಹಾಕ್ಕೋ. ಹಿಂದೆ ಇದ್ದೋರು ಯಾಕೆ ಬಿಟ್ರು ಅಂತ ಕೇಳು. ಇವತ್ತೇ ಸೇರಿ ಅಂದ್ರಂತೂ ತಿರುಗಿ ನೋಡ್ದೆ ಓಡು.”

ಸಂಸ್ಥೆಯ ಗೋಡೆಯ ತುಂಬ ‘ದೂರುರಹಿತ ಸಂಸ್ಥೆ’ ಎಂಬ ಪ್ರಶಸ್ತಿ ಫಲಕಗಳು ಹೊಳೆಯುತ್ತಿದ್ದವು. ಮೇಜುಗಳ ಮೇಲೆ ಪೆನ್ನಿನ ಡಬ್ಬಿಯಲ್ಲಿ ಹಲ್ಲುಜ್ಜುವ ಬ್ರಶ್ಶುಗಳಿದ್ದವು. ಮೂಲೆಯಲ್ಲೊಬ್ಬರು ಕಡತದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರು. ಅವರ ಬಲಗೈ ಮಾತ್ರ ಎಚ್ಚರವಾಗಿದ್ದು, ಕಾಗದಗಳಿಗೆ ಮೊಹರು ಒತ್ತುತ್ತಿತ್ತು.

“ಬನ್ನಿ ಬನ್ನಿ, ನಾವೆಲ್ಲ ಒಂದೇ ಮನೆಯವರು,” ಎಂದರು ವ್ಯವಸ್ಥಾಪಕರು.

ಅವಳು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದಳು. “ಈ ಕೆಲಸದಲ್ಲಿ ಹಿಂದೆ ಇದ್ದೋರು ಯಾಕೆ ಬಿಟ್ರು ಸಾರ್?”

“ಬಿಟ್ಟಿಲ್ವಲ್ಲ! ಬೀಳ್ಕೊಡುಗೆ ಆಯ್ತು ಅಷ್ಟೆ. ಅಗೋ, ಅಲ್ಲೇ ಕೂತಿದಾರೆ.” ಮೂಲೆಯಲ್ಲಿದ್ದವರು ತಲೆಯೆತ್ತದೆಯೇ ಎಡಗೈ ಆಡಿಸಿದರು.

“ಬೀಳ್ಕೊಟ್ಟ ಮೇಲೂ ಕೆಲಸ ಮಾಡ್ತಾರಾ?”

“ಪಾಪ, ತುಂಬಾ ಹಚ್ಕೊಂಡಿದಾರೆ. ಆದ್ರೆ ನಿಯಮದ ಪ್ರಕಾರ ಹುದ್ದೆ ಖಾಲಿ ಆಯ್ತಲ್ಲ, ಅದಕ್ಕೇ ನಿಮ್ಮನ್ನ ಕರೆಸಿದ್ದು.”

“ನಾನು ಐದು ಗಂಟೆಗೆ ಹೊರಡಬೇಕು ಸಾರ್.”

“ಧಾರಾಳವಾಗಿ! ಐದು ಗಂಟೆ ಮೇಲೆ ಇಲ್ಲಿ ಒಬ್ಬನೇ ಒಬ್ಬ ನೌಕರ ಇರಲ್ಲ. ಇವತ್ತೇ ಸೇರಿಬಿಡಿ.”

ಅವಳು ಓಡಲೆಂದೇ ಎದ್ದಳು, ಸುಳ್ಳಲ್ಲ. ಅಷ್ಟರಲ್ಲಿ ಒಳಗಿನ ಸಭಾಂಗಣದ ಬಾಗಿಲು ತೆರೆಯಿತು. ಕೈಗೆ ಹೂಗುಚ್ಛ ಬಂತು. “ಇವರ ನಗುಮುಖವನ್ನು ಸಂಸ್ಥೆ ಎಂದಾದರೂ ಮರೆಯಲು ಸಾಧ್ಯವೇ?” ಎಂದು ವ್ಯವಸ್ಥಾಪಕರು ಗದ್ಗದಿತರಾದರು. ಅವಳು ಬಂದಾಗಿನಿಂದ ಒಂದು ಸಲವೂ ನಕ್ಕಿರಲಿಲ್ಲ. ಮೂಲೆಯಲ್ಲಿ ನಿದ್ದೆಹೋಗಿದ್ದವರು ಎದ್ದು ಬಂದು, “ನನಗೆ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚಾಗಿದ್ದರು,” ಎಂದು ಬಿಕ್ಕಿ ಬಿಕ್ಕಿ ಅತ್ತರು. ಅಯ್ಯೋ, ನನ್ನ ಬಗ್ಗೆ ಇಷ್ಟು ಜನ ಇಷ್ಟು ಒಳ್ಳೆಯ ಮಾತಾಡುತ್ತಾರಾ ಎಂದು ಅವಳಿಗೂ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.

ಐದು ಗಂಟೆಗೆ ಚೀಲ ಹೆಗಲಿಗೇರಿಸಿದಳು.

“ಎಲ್ಲಿಗಮ್ಮ?” ಎಂದರು ವ್ಯವಸ್ಥಾಪಕರು.

“ಐದಾಯ್ತಲ್ಲ ಸಾರ್. ನೌಕರರು ಹೊರಡೋ ಹೊತ್ತು.”

“ನೌಕರರು ಹೊರಡ್ಲಿ. ನಿಮಗೆ ಬೆಳಗ್ಗೆನೇ ಬೀಳ್ಕೊಡುಗೆ ಆಯ್ತಲ್ಲ!” ಎಂದು ಅವರು ಎದ್ದು ನಿಂತು ನಿಯಮವನ್ನು ಓದಿದರು: “ಬೀಳ್ಕೊಡಲ್ಪಟ್ಟವರು ನೌಕರರಲ್ಲವಾದ ಕಾರಣ, ಹೊರಡುವ ವೇಳೆ, ರಜೆ, ರಾಜೀನಾಮೆ, ದೂರು ಮುಂತಾದ ನೌಕರ ಸಂಬಂಧಿ ತೊಂದರೆಗಳಿಂದ ಅವರನ್ನು ಶಾಶ್ವತವಾಗಿ ಮುಕ್ತಗೊಳಿಸಲಾಗಿದೆ.”

“ಸಾರ್, ಮಗು ಮೆಟ್ಟಿಲ ಮೇಲೆ ಒಬ್ಬಳೇ ಕೂತಿರ್ತಾಳೆ!”

ಅವರ ಕಣ್ಣಲ್ಲಿ ನೀರಾಡಿತು. “ಮೊದಲೇ ಹೇಳಬಾರದಿತ್ತಾ? ಭಾಷಣದಲ್ಲಿ ಸೇರಿಸ್ತಿದ್ದೆ.”

ಇವರ ಹತ್ತಿರ ಏನು ಮಾತೆಂದು ಅವಳು ಗೇಟಿಗೆ ಓಡಿದಳು. ಕಾವಲುಗಾರ ವಿನಯದಿಂದಲೇ ಅಡ್ಡ ನಿಂತ. “ಮೇಡಂ, ನಮ್ಮ ಲೆಕ್ಕದಲ್ಲಿ ನೀವು ಆಗಲೇ ಹೋಗಿದೀರಿ. ಹೋದೋರನ್ನ ಇನ್ನೊಂದ್ಸಲ ಹೊರಗೆ ಬಿಡೋದು ಹೇಗೆ ಹೇಳಿ?” ಅವಳು ಬೈದಳು, ಬೇಡಿಕೊಂಡಳು, ಅತ್ತಳು. ಕಾವಲುಗಾರ ಕುಡಿಯಲು ನೀರು ಕೊಟ್ಟ. ಕೊನೆಗೆ ಅವಳು ವಾಪಸು ಬಂದು, ನಿದ್ದೆಹೋಗಿದ್ದವರ ಪಕ್ಕದ ಕುರ್ಚಿಯಲ್ಲಿ ಕೂತು ಮೊಹರು ಒತ್ತತೊಡಗಿದಳು.

ಕತ್ತಲಾಗುವ ಹೊತ್ತಿಗೆ ಅಕ್ಕ, ಮೆಟ್ಟಿಲ ಮೇಲೆ ಒಂಟಿಯಾಗಿ ಕೂತಿದ್ದ ಮಗುವನ್ನು ಎಳೆದುಕೊಂಡು ನುಗ್ಗಿದಳು. ಒಳಗೆ ಬರುವುದಕ್ಕೆ ಇಲ್ಲಿ ಯಾರಿಗೂ ಅಡ್ಡಿಯಿರಲಿಲ್ಲ. “ಯಾವನ್ರೀ ಅವನು, ನನ್ನ ತಂಗೀನ ಕೂಡಿ ಹಾಕಿರೋನು?” ಎಂದು ಅವಳು ಗುಡುಗಿದ್ದಕ್ಕೆ ಫಲಕಗಳೂ ಅದುರಿದವು. ವ್ಯವಸ್ಥಾಪಕರು ಕೈಜೋಡಿಸಿ ಸಭಾಂಗಣದ ದೀಪ ಹಾಕಿಸಿದರು. ಕುಟುಂಬದವರಿಗೆಂದೇ ಬೇರೆ ಸಮಾರಂಭದ ವ್ಯವಸ್ಥೆಯಿತ್ತು.

“ತಂಗಿಯ ಕಷ್ಟಕ್ಕೆ ಓಡಿಬರುವ ಇಂಥ ಅಕ್ಕ ಎಷ್ಟು ಜನಕ್ಕೆ ಸಿಗುತ್ತಾಳೆ?” ಎಂದು ಅವರು ಆರಂಭಿಸಿದರು. ಜಗಳಕ್ಕೆಂದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಅಕ್ಕ ಮೆಲ್ಲಗೆ ಬಿಚ್ಚಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಅದು ಅವಳ ಕಣ್ಣಿಗೆ ಹೋಯಿತು. ಆಮೇಲೆ ಹೂಗುಚ್ಛ ಮಗುವಿನ ಕೈಗೆ ಬಂತು. “ಹೆತ್ತ ತಾಯಿಯನ್ನೇ ಸಂಸ್ಥೆಗೆ ಬಿಟ್ಟುಕೊಟ್ಟ ಈ ಪುಟ್ಟ ಹೃದಯ ಈಗ ಎರಡು ಮಾತಾಡಲಿದೆ,” ಎಂದರು ವ್ಯವಸ್ಥಾಪಕರು.

ಮಗು ಮೈಕಿನ ಮುಂದೆ ನಿಂತು ಅಮ್ಮನನ್ನೇ ನೋಡಿತು. “ಅಮ್ಮಾ, ಮನೆಗೆ ಯಾವಾಗ ಬರ್ತೀಯಾ?”

ಸಂಸ್ಥೆಯಲ್ಲಿ ಇಷ್ಟು ಚಿಕ್ಕ, ಇಷ್ಟು ಚೊಕ್ಕ ಭಾಷಣವನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಕನ್ನಡಕದವಳು ಕೈಯಲ್ಲಿದ್ದ ಮೊಹರನ್ನು ಕೆಳಗಿಟ್ಟು, ಮಗಳು ಎಷ್ಟು ಚೆನ್ನಾಗಿ ಮಾತಾಡಿದಳೆಂಬ ಹೆಮ್ಮೆಯಿಂದ, ಎಲ್ಲರಿಗಿಂತ ಜೋರಾಗಿ ತಟ್ಟಿದಳು.