ತಗಡಿನ ಅಜ್ಜಿಯ ಸೆರಗು

ಮುಳಬಾಗಿಲಿನ ನಮ್ಮ ಮನೆಯ ಹಜಾರದಲ್ಲಿ ಅಂಗೈಯಗಲದ ಒಂದು ತಗಡು ತೂಗುತ್ತದೆ. ಅದೊಂದು ಫೋಟೋ. ಕಾಗದವಿಲ್ಲ, ತಗಡಿನ ಮೇಲೆಯೇ ಚಿತ್ರ ಮೂಡಿದೆ. ನಮ್ಮ ಯಜಮಾನರ ಮುತ್ತಜ್ಜಿಯದು; ಚಿನ್ನದ ಗಣಿಗೆ ಬಂದಿದ್ದ ಯಾರೋ ಬಿಳಿ ದೊರೆ ತೆಗೆದದ್ದಂತೆ. ಅಲ್ಲಾಡದಂತೆ ಕೂರಿಸಿದ್ದಕ್ಕೋ ಏನೋ, ಅಜ್ಜಿಯ ನೋಟ ನೆಟ್ಟಗೆ ಬಂದು ನಾಟುತ್ತದೆ. ಒಲೆಯ ಮೇಲೆ ಹಾಲು ಉಕ್ಕಿದರೂ ಅವರಿಗೆ ಗೊತ್ತಾದಂತಿರುತ್ತದೆ! ಕಾನ್ವೆಂಟಿನ ಸಿಸ್ಟರುಗಳಿಗೂ ನಾನು ಅಷ್ಟು ಹೆದರಿದವಳಲ್ಲ.

"ಕಾನ್ವೆಂಟಲ್ಲಿ ಓದಿದೋಳು, ನಮ್ಮ ಪದ್ಧತಿ ಇವಳಿಗೇನ್ ಗೊತ್ತು?" ಇದು ಅತ್ತೆಯವರ ನಿತ್ಯದ ಮಾತು. ನಾದಿನಿಯ ಮದುವೆಯಲ್ಲಾದರೂ ಅದನ್ನು ಸುಳ್ಳು ಮಾಡಬೇಕೆಂದಿದ್ದೆ. ಮದುವೆಗೆಂದು ಮನೆಯ ಧೂಳು ಒರೆಸುವಾಗ ಕಣ್ಣಿಗೆ ಬಿತ್ತು: ಅಜ್ಜಿಯ ಸೆರಗು ಬಲ ಹೆಗಲ ಮೇಲಿದೆ!

"ಅತ್ತೆ, ನೋಡಿ! ನಮ್ಮ ಮನೆತನದ ಪದ್ಧತೀನೇ ಬೇರೆ!"

ಅತ್ತೆ ಕನ್ನಡಕ ಹಾಕಿಕೊಂಡರು. "ಹೌದಲ್ಲೇ! ನಾವು ಮರ್ತೇಬಿಟ್ಟಿದ್ವಲ್ಲೇ. ಜಾಣೆ ಕಣೇ ನೀನು!"

ಹೀಗೆ ಕಳೆದುಹೋದ ಸಂಪ್ರದಾಯವೊಂದರ ಪುನರುದ್ಧಾರವಾಯಿತು. ಮದುವೆಯ ದಿನ ನಮ್ಮ ಕಡೆಯ ಹೆಂಗಸರೆಲ್ಲರದೂ ಬಲ ಸೆರಗು. ಬಡಿಸಲು ಕೈ ಚಾಚಿದರೆ ಸೆರಗೂ ಜೊತೆಗೇ ಹೊರಡುತ್ತಿತ್ತು. ಶ್ರೀನಿವಾಸಪುರದ ಚಿಕ್ಕತ್ತೆಯ ರೇಷ್ಮೆ ಸೆರಗಂತೂ ಸಾರಿನ ಬಕೆಟ್ಟಿಗೇ ಇಳಿಯಿತು!

"ಏನಮ್ಮಾ, ನೀವು ಸೇಟುಗಳ ಪೈಕಿನಾ?" ಎಂದು ಗಂಡಿನ ಸೋದರತ್ತೆ ಕೇಳಿದರು.

"ತಲೆತಲಾಂತರದಿಂದ ನಮ್ಮಲ್ಲಿ ಹಿಂಗೇನಮ್ಮಾ," ಎಂದರು ಅತ್ತೆ, ಗತ್ತಿನಿಂದ. "ಬೇಕಾದ್ರೆ ನೋಡಿ. ಹೋಗೇ, ಅಜ್ಜೀನೂ ಕರ್ಕೊಂಡ್ ಬಾ. ಗ್ರೂಪ್ ಫೋಟೋದಲ್ಲಿ ಅವ್ರೂ ಇರ್ಲಿ!"

ಮನೆಯಿಂದ ತಂದು ಛತ್ರದ ಕೋಣೆಯಲ್ಲಿಟ್ಟಿದ್ದ ತಗಡನ್ನು ಚಿತ್ರ ಮುಂದೆ ಮಾಡಿ ಎದೆಗವಚಿಕೊಂಡು, ಕುಂಕುಮ ಸರಿಮಾಡಿಕೊಳ್ಳಲು ಕನ್ನಡಿಯ ಮುಂದೆ ನಿಂತೆ. ಅಜ್ಜಿಯ ಬೆನ್ನಹಿಂದೆ ನಾನು ಗೀರುಗಳೆಂದುಕೊಂಡಿದ್ದದ್ದು ಕನ್ನಡಿಯಲ್ಲಿ ಇಂಗ್ಲಿಷ್ ಬೋರ್ಡಾಗಿ ಕಂಡಿತು! ‘ಆಫೀಸ್’ ಎಂದು ಸರಾಗವಾಗಿ ಓದಬಹುದಿತ್ತು. ಅಂದರೆ ತಗಡಿನಲ್ಲಿ ಎಲ್ಲವೂ ಎಡಬಲ ತಿರುಗಿ ಮೂಡಿತ್ತು. ಪಾಪ, ಅಜ್ಜಿ ಎಲ್ಲರಂತೆ ಎಡಕ್ಕೇ ಸೆರಗು ಹೊದ್ದಿದ್ದರು.

ಕಾನ್ವೆಂಟ್ ಓದು ಕೊನೆಗೂ ಉಪಯೋಗಕ್ಕೆ ಬಂತು.

ಹೋಗಿ ಅತ್ತೆಯವರ ಕಿವಿಯಲ್ಲಿ ಉಸುರಿದೆ. ಅವರು ಬೀಗರತ್ತ ನಗುಮುಖ ಇಟ್ಟುಕೊಂಡೇ ಹಲ್ಲು ಕಡಿದರು. "ಬಾಯ್ ಮುಚ್ಕೊಂಡ್ ನಿಂತ್ಕೊಳ್ಳೇ! ಇವತ್ತಿಂದ ಇದೇ ಪದ್ಧತಿ!"

ಫೋಟೋದವನು ಕ್ಲಿಕ್ಕಿಸಿದ.

ಆಮೇಲೂ ಮನೆಯಲ್ಲಿ ಮದುವೆಗಳಾದವು. ಹೊಸ ಸೊಸೆಯರು ಭಕ್ತಿಯಿಂದ ಬಲಕ್ಕೆ ಸೆರಗು ಹೊದ್ದು, ಭಕ್ತಿಯಿಂದಲೇ ಸಾರಿನಲ್ಲಿ ಅದ್ದಿದರು. ತಗಡಿನ ಧೂಳು ಒರೆಸುವವಳು ಈಗಲೂ ನಾನೇ. ಮೊದಲೆಲ್ಲ ಅಜ್ಜಿ ಗದರುವಂತೆ ಕಾಣುತ್ತಿದ್ದರು. ಈಗ ಅದೇ ಕಣ್ಣು, ಅದೇ ಬಿಗಿದ ತುಟಿ. ಆದರೆ ನಗು ತಡೆದುಕೊಂಡು ಕೂತಂತೆ ಕಾಣುತ್ತಾರೆ.

ಅದೂ ನನ್ನನ್ನೇ ನೋಡಿಕೊಂಡು!